ಸಾಹೇಬರಿಲ್ಲದ ವರ್ಷ

ಹೋದ ತಿಂಗಳು ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದು ಕೆಳಗೆ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಪಕ್ಕದ ಲೇತ್ ಅಂಗಡಿಯ ಶೀಟಿನ ಕೆಳಗೆ ನಿಂತೆ. ಒಳಗಿಂದ ಬಿಸಿ ಕಬ್ಬಿಣ, ಸುಟ್ಟ ಎಣ್ಣೆ, ಒದ್ದೆ ತುಕ್ಕು ಎಲ್ಲ ಕಲಸಿದ ವಾಸನೆ ಬಂತು. ಅಂಗಡಿಯವನು, "ಒಳಗ್ ಬನ್ನಿ ಅಜ್ಜಿ, ನೆನೀತೀರ" ಅಂದ. ಪರವಾಗಿಲ್ಲ ಅಂದೆ. ಆ ವಾಸನೆ ಇರುವ ಕಡೆ ನಾನು ಈಗಲೂ ಒಳಗೆ ಕಾಲಿಡುವುದಿಲ್ಲ.

ತುರ್ತು ಪರಿಸ್ಥಿತಿ ಬರುವುದಕ್ಕೆ ಸ್ವಲ್ಪ ಮುಂಚಿನ ವರ್ಷ ಅದು. ನಾನು ಚಿತ್ರದುರ್ಗದ ಕಡೆಯವಳು. ಓದು ಮುಗಿಸಿ ಬೆಂಗಳೂರಿಗೆ ಬಂದು ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿದ್ದೆ. ಆಗಿನ್ನೂ ವಿಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಮುಖ್ಯರಸ್ತೆಯವರೆಗೆ ನಡೆಯಬೇಕು, ಅಲ್ಲಿ ಕಾಲು ತೊಳೆದು ಬಸ್ಸು ಹತ್ತಬೇಕು. ಕಾಟನ್‌ಪೇಟೆಯ ಒಂದು ಸಂಜೆ ಪತ್ರಿಕೆಯಲ್ಲಿ ಕೆಲಸ. ಇಡೀ ಆಫೀಸಿಗೆ ನಾನೊಬ್ಬಳೇ ಹೆಂಗಸು. ಹಾಗಾಗಿ ಅಡುಗೆ ಅಂಕಣ, ರಂಗೋಲಿ ಸ್ಪರ್ಧೆ, ಮಹಿಳಾ ಸಮಾಜದ ವಾರ್ಷಿಕೋತ್ಸವ ನನ್ನ ಪಾಲಿಗೆ.

ನಮ್ಮ ಮನೆಗೆ ಹಾಲು ತರುತ್ತಿದ್ದವಳು ಮೂಡಲಪಾಳ್ಯದ ತಾಯಮ್ಮ. ಗಂಡ ಇರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋಗಿ, ಉಳಿದದ್ದು ಎರಡು ಎಮ್ಮೆ ಮತ್ತು ಒಬ್ಬಳು ಮಗಳು, ರತ್ನ. ರತ್ನ ನಾಯಂಡಹಳ್ಳಿಯ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಗಡನ್ನು ಪವರ್ ಪ್ರೆಸ್ಸಿಗೆ ಕೊಟ್ಟು ಡಬ್ಬಿಯ ಮುಚ್ಚಳ ಹೊಡೆಯುವ ಕೆಲಸ. ಕೆಂಗೇರಿಯ ಹುಡುಗನೊಬ್ಬನ ಜೊತೆ ಮದುವೆ ಮಾತಾಗಿತ್ತು. ತಾಯಿಗೆ ಮೈ ಸರಿಯಿಲ್ಲದ ದಿನ ರತ್ನಳೇ ಹಾಲು ತರುವಳು. ಬಂದರೆ ಬಾಗಿಲಲ್ಲೇ ನಿಂತು ಚಿಕ್ಕಮ್ಮನ ಸೀರೆಗಳ ವಿಷಯ ಮಾತಾಡುವಳು. "ಅಕ್ಕ, ನನ್ ಮದ್ವೆಗೆ ಇಂಥದೇ ಬಣ್ಣದ್ದು ತಗೋಬೇಕು" ಅಂತ ಹಗ್ಗದ ಮೇಲೆ ಒಣಗಲು ಹಾಕಿದ ಸೀರೆಯ ಅಂಚನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದಳು.

ಆಷಾಢದ ಗಾಳಿ ಜೋರಾಗಿದ್ದಾಗ ಎರಡು ದಿನ ಹಾಲು ಬರಲಿಲ್ಲ. ಮೂರನೇ ದಿನ ತಾಯಮ್ಮ ಬರಿಗೈಯಲ್ಲಿ ಬಂದಳು. "ನನ್ ಮಗಳ ಕೈ ಹೋಯ್ತು ಕಣವ್ವ" ಅಂದು ಮೆಟ್ಟಿಲ ಮೇಲೆ ಕೂತಳು.

ಪ್ರೆಸ್ಸು ರತ್ನಳ ಬಲಗೈಯ ಹೆಬ್ಬೆರಳೊಂದನ್ನು ಬಿಟ್ಟು ಉಳಿದೆಲ್ಲ ಬೆರಳು ತೆಗೆದುಕೊಂಡಿತ್ತು. ಕೈ ಒಳಗೆ ಹೋಗದ ಹಾಗೆ ತಡೆಯಲು ಆ ಯಂತ್ರಕ್ಕೊಂದು ಕಬ್ಬಿಣದ ಜಾಲರಿ ಇರಬೇಕು. ಜಾಲರಿ ಇದ್ದರೆ ಕೆಲಸ ನಿಧಾನ ಅಂತ ಯಜಮಾನರು ಬಿಚ್ಚಿಸಿದ್ದರು. ಆಸ್ಪತ್ರೆಯಲ್ಲಿ ಅವಳನ್ನು ನೋಡಲು ಹೋದಾಗ ಜೊತೆ ಕೆಲಸದ ಹೆಂಗಸೊಬ್ಬಳು ಹೇಳಿದಳು: ರತ್ನಳನ್ನು ಆಟೋಗೆ ಹತ್ತಿಸಿದ ಮೇಲೆ ಮೇಸ್ತ್ರಿ ಬಕೆಟ್ಟಿನಲ್ಲಿ ನೀರು ತಂದು ಪ್ರೆಸ್ಸು ತೊಳೆದು, "ಯಾರ್ ಕೂರ್ತೀರಾ?" ಅಂತ ಕೇಳಿದನಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಯಂತ್ರ ಮತ್ತೆ ಓಡುತ್ತಿತ್ತು. ಬೆರಳುಗಳು ತಗಡಿನ ಚೂರಿನ ಜೊತೆ ಗುಜರಿ ತೊಟ್ಟಿಗೆ ಹೋಗಿದ್ದವು.

ರತ್ನ ನನ್ನನ್ನು ನೋಡಿ ಮೊದಲು ಕೇಳಿದ್ದು, "ಅಕ್ಕ, ಕೆಂಗೇರಿಯವರಿಗೆ ಗೊತ್ತಾಗಿದ್ಯಾ?" ಅಂತ.

ಗೊತ್ತಾಗಿತ್ತು. ಅವಳು ಮನೆಗೆ ಬಂದ ಮೇಲೆ ಹುಡುಗನ ತಾಯಿ, ಸೋದರಮಾವ ಬಂದರು. ನಾನೂ ಅಲ್ಲಿದ್ದೆ. ಹುಡುಗನ ತಾಯಿ ಬ್ಯಾಂಡೇಜನ್ನು ನೋಡಿದಳು, ರತ್ನಳ ಮುಖ ನೋಡಲಿಲ್ಲ. ಮಳೆ ಬೆಳೆಯ ಮಾತಾಡಿದರು. ಕಾಫಿ ಕುಡಿದರು. ಹೊರಡುವಾಗ ಆಕೆ, "ಪಾಪ, ಚೆನ್ನಾಗಿದ್ದ ಹುಡುಗಿ" ಅಂದಳು, ಸತ್ತವರ ಬಗ್ಗೆ ಹೇಳುವ ಹಾಗೆ. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ.

ಕಾರ್ಖಾನೆಗಳ ಮೇಲೆ ಕಣ್ಣಿಡಬೇಕಾದ ಒಂದು ಸರ್ಕಾರಿ ಕಚೇರಿ ಇತ್ತು. ಹೆಸರು ಬೇಡ, ಜನ ಅದನ್ನು ಸೇಫ್ಟಿ ಆಫೀಸು ಅನ್ನುತ್ತಿದ್ದರು. ಯಜಮಾನರ ಮೇಲೆ ಅವರು ಕೇಸು ಹಾಕಿದರೆ ರತ್ನಳಿಗೆ ಪರಿಹಾರ ಸಿಗುತ್ತದೆ ಅಂತ ಯಾರೋ ಹೇಳಿದರು. ತಾಯಿ ಮಗಳನ್ನು ಕರೆದುಕೊಂಡು ಹೋದೆ. ಮುಖ್ಯಾಧಿಕಾರಿಯ ಕೋಣೆಗೆ ಬೀಗ. ಪಕ್ಕದ ಕೋಣೆಯಲ್ಲಿ ಉಪ ಅಧಿಕಾರಿ ನಾಗೇಂದ್ರಪ್ಪನವರು ಕೂತಿದ್ದರು. ದಾವಣಗೆರೆ ಕಡೆಯ ಮಾತು, ನೆರೆತ ಮೀಸೆ. ರತ್ನಳ ಕೈ ನೋಡಿ ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟರು.

"ನಾನು ಹೋಗಿ ನೋಡಿ ಬಂದೀನಿ ತಂಗಿ. ಜಾಲರಿ ಇಲ್ಲ, ತಪ್ಪು ಮಾಲೀಕರದು ಅಂತ ಬರೆದೂ ಆಗೇತಿ. ಆದ್ರ ಕೇಸು ಹಾಕೋಕೆ, ಮಷೀನ್ ನಿಲ್ಲಿಸೋಕೆ ನಂಗೆ ಅಧಿಕಾರ ಇಲ್ಲ. ದೊಡ್ಡ ಸಾಹೇಬರು ಸಹಿ ಹಾಕಬೇಕು."

"ದೊಡ್ಡ ಸಾಹೇಬ್ರು ಯಾವಾಗ ಬರ್ತಾರೆ ಸಾರ್?"

"ಇದ್ದರ ಅಲ್ಲವಾ ಬರಾಕೆ? ಹಿಂದಿನವರು ರಿಟೈರಾಗಿ ವರ್ಷ ಆತು. ಇನ್ನೂ ಯಾರ್ನೂ ಹಾಕಿಲ್ಲ. ನಾನು ಇನ್‌ಚಾರ್ಜು. ಕಾಗದ ತಗೋಬಹುದು, ಕಾಗದ ಇಡಬಹುದು."

ತಾಯಮ್ಮನಿಗೆ ಅರ್ಥವಾಗಲಿಲ್ಲ. "ಹಂಗಾರೆ ಸ್ವಾಮಿ, ಸಾಹೇಬ್ರು ಬರೋಗಂಟ ಯಾರ್ ಕೈ ಹೋದ್ರೂ ಕೇಳೋರಿಲ್ವಾ?" ಅಂದಳು. ನಾಗೇಂದ್ರಪ್ಪನವರು ಹಿಂದಿನ ಬೀರುವಿನ ಬಾಗಿಲು ತೆಗೆದರು. ಆ ವರ್ಷ ಹಾಗೆ ಕೈ, ಕಣ್ಣು ಕಳೆದುಕೊಂಡವರ ಕಾಗದಗಳು ಅದರಲ್ಲಿ ಪೇರಿಸಿಕೊಂಡಿದ್ದವು.

ಮರುದಿನ ಸಂಪಾದಕರ ಮುಂದೆ ನಿಂತೆ. ಅವರು ಹೋಳಿಗೆ ಲೇಖನ ಎಲ್ಲಿ ಅಂತ ಕೇಳಿದರು. ನಾನು ಬೀಗ ಹಾಕಿದ ಕೋಣೆಯ ವಿಷಯ ಹೇಳಿದೆ.

"ಖಾಲಿ ಕುರ್ಚಿ ಏನ್ ಸುದ್ದೀರೀ ಗಿರಿಜಾ? ಸರ್ಕಾರದಲ್ಲಿ ಕುರ್ಚಿ ಖಾಲಿ ಇರೋದು ಮಾಮೂಲಿ."

"ಯಾಕೆ ಖಾಲಿ ಇದೆ ಅಂತ ಗೊತ್ತಾದ್ರೆ ಸುದ್ದಿ ಅಲ್ವಾ ಸಾರ್?"

ಅವರು ಕನ್ನಡಕ ತೆಗೆದು ನೋಡಿದರು. "ಹೋಳಿಗೆ ಬರೆದುಕೊಟ್ಟು ಹೋಗಿ" ಅಂದರು. ಬರೆದುಕೊಟ್ಟು ಹೋದೆ.

ಆ ಮಳೆಗಾಲವಿಡೀ ತಿರುಗಿದೆ. ಬೆಳಿಗ್ಗೆ ಪತ್ರಿಕೆಯ ಕೆಲಸ, ಮಧ್ಯಾಹ್ನದ ಮೇಲೆ ಕಚೇರಿಗಳ ಕಾರಿಡಾರು. ಒದ್ದೆ ಕೊಡೆಗಳನ್ನು ಸಾಲಾಗಿ ಬಿಚ್ಚಿಟ್ಟಿರುತ್ತಿದ್ದರು, ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಅಳತೆ ತೂಕ ನೋಡುವ ಕಚೇರಿಗೆ ಹೋದರೆ ಅಲ್ಲಿಯೂ ಮುಖ್ಯಸ್ಥರಿಲ್ಲ. ಕಲಬೆರಕೆ ಪರೀಕ್ಷೆ ಮಾಡುವ ಕಡೆಯೂ ಇಲ್ಲ. ಲಂಚದ ದೂರು ವಿಚಾರಿಸಬೇಕಾದವರ ಬಾಗಿಲಲ್ಲಿ ಜವಾನನೊಬ್ಬ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. "ಯಾರ್ನ ನೋಡ್ಬೇಕಮ್ಮ? ಇಲ್ಲಿ ಯಾರೂ ಇಲ್ಲ" ಅಂದ, ಬೇಸರವೇ ಇಲ್ಲದೆ. ರಸ್ತೆ, ನೀರು, ತೆರಿಗೆ ನೋಡುವ ಕಡೆ ಎಲ್ಲ ಕುರ್ಚಿಗಳೂ ಭರ್ತಿ. ಇನ್ನೊಬ್ಬರ ತಪ್ಪು ಹಿಡಿಯಬೇಕಾದ ಜಾಗಗಳು ಮಾತ್ರ ಖಾಲಿ. ಇದು ಮರೆವಲ್ಲ ಅಂತ ನನಗೆ ಅನ್ನಿಸಿದ್ದು ಆಗ.

ಯಾಕೆ ಅಂತ ಹೇಳಿದವರು ಬೇರೆ ಯಾರೂ ಅಲ್ಲ, ರತ್ನ ಕೆಲಸ ಮಾಡುತ್ತಿದ್ದ ಶೆಡ್ಡಿನ ಯಜಮಾನರು. ಮಾಲೀಕರ ಸಂಘಕ್ಕೂ ಅವರೇ ದೊಡ್ಡವರು. ನಾನು ಪತ್ರಿಕೆಯವಳು ಅಂದಾಗ ಅವರು ಹೆದರಲಿಲ್ಲ, ಖುಷಿಪಟ್ಟರು. ಒಳಗೆ ಕೂರಿಸಿ ಕಾಫಿ ತರಿಸಿದರು. ಗಾಜಿನ ಕಿಟಕಿಯಾಚೆ ಪ್ರೆಸ್ಸುಗಳ ಮುಂದೆ ಹೆಂಗಸರು ಕೂತಿದ್ದರು. ಪ್ರತಿ ಹೊಡೆತಕ್ಕೂ ಮೇಜಿನ ಮೇಲಿನ ಕಾಫಿ ನಡುಗುತ್ತಿತ್ತು.

"ನೋಡಮ್ಮ, ಮುಚ್ಚುಮರೆ ಏನಿದೆ? ಹಿಂದಿನ ಸಾಹೇಬ್ರು ತುಂಬ ಕಿರುಕುಳ ಕೊಟ್ರು. ಅಲ್ಲಿ ಜಾಲರಿ ಹಾಕು, ಇಲ್ಲಿ ಬೇಲಿ ಹಾಕು. ಅವ್ರು ರಿಟೈರಾದ್ಮೇಲೆ ನಾವೆಲ್ಲ ಹೋಗಿ ಮಂತ್ರಿಗಳನ್ನ ಕಂಡ್ವಿ. ಸ್ವಾಮಿ, ಇಂಥವ್ರೇ ಆಗ್ಬೇಕು ಅಂತ ನಾವ್ ಕೇಳಲ್ಲ, ಆತುರ ಮಾತ್ರ ಬೇಡ ಅಂದ್ವಿ. ಅಷ್ಟೇ. ಆತುರ ಬೇಡ ಅನ್ನೋದು ತಪ್ಪಾ?"

"ಇದನ್ನ ಬರೀಲಾ?"

"ಬರ್ಕೊಳಮ್ಮ. ನಾಲ್ಕು ಜನಕ್ಕೆ ಅನ್ನ ಹಾಕ್ತಾ ಇದೀವಿ ಅಂತಾನೂ ಬರ್ಕೋ."

"ರತ್ನನ ವಿಷಯ?"

ಅವರು ನೆನಪು ಮಾಡಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿದರು. "ಯಾವ ರತ್ನ?"

ಮಂತ್ರಿಗಳನ್ನು ಕಾರಿನ ಬಾಗಿಲಲ್ಲಿ ಹಿಡಿದು ಕೇಳಿದೆ. ಯೋಗ್ಯ ವ್ಯಕ್ತಿ ಸಿಗುತ್ತಿಲ್ಲ, ಹುಡುಕುತ್ತಿದ್ದೇವೆ ಅಂದರು. ಯೋಗ್ಯ ವ್ಯಕ್ತಿ ಅದೇ ಕಚೇರಿಯಲ್ಲಿ, ಬೀಗ ಹಾಕಿದ ಕೋಣೆಯ ಪಕ್ಕದಲ್ಲಿ ಕೂತಿದ್ದರು. ಸೇವೆಯಲ್ಲೂ ಹಿರಿಯರು, ಕೆಲಸವೂ ಬಲ್ಲವರು. ಹಿಂದಿನ ಸಾಹೇಬರು ಹೋಗುವಾಗ ನಾಗೇಂದ್ರಪ್ಪನವರ ಹೆಸರನ್ನೇ ಸೂಚಿಸಿದ್ದರಂತೆ.

ಬರೆಯುವ ಮುಂಚೆ ಅವರ ಮನೆಗೆ ಹೋದೆ. ಬಸವೇಶ್ವರನಗರದಲ್ಲಿ ಬಾಡಿಗೆ ಮನೆ. ಮಗಳು ಹಜಾರದಲ್ಲಿ ಕೂತು ಎಸ್ಸೆಸ್ಸೆಲ್ಸಿ ಲೆಕ್ಕ ಬಿಡಿಸುತ್ತಿದ್ದಳು. ಅವರ ಹೆಂಡತಿ ಉಪ್ಪಿಟ್ಟು ತಂದಿಟ್ಟು ಗೋಡೆಗೊರಗಿ ನಿಂತರು.

"ಸಾರ್, ನೀವು ಹೇಳಿದ್ದನ್ನ ಹೆಸರಿಲ್ದೆ ಹಾಕ್ತೀನಿ. ಮೂಲಗಳು ತಿಳಿಸಿವೆ ಅಂತ."

ನಾಗೇಂದ್ರಪ್ಪನವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹೆಸರು ಹಾಕವ್ವ. ಆ ಹುಡುಗಿ ನನ್ನ ಕುರ್ಚ್ಯಾಗ ಕೂತಾಗಿಂದ ನಂಗ ಆ ಕುರ್ಚ್ಯಾಗ ಕೂರಾಕ ಆಗವಲ್ದು. ಹೆದರಿ ಹೆದರಿ ಸಾಕಾಗೇತಿ."

ಗೋಡೆಗೊರಗಿದ್ದ ಹೆಂಡತಿ, "ಒಂದ್ಸಲ ಯೋಚನೆ ಮಾಡ್ರಿ" ಅಂದರು.

"ಮಾಡೀನಿ" ಅಂದರು ಅವರು.

ಗೌರಿ ಹಬ್ಬದ ಮುಂಚಿನ ವಾರ ಸುದ್ದಿ ಮೊದಲ ಪುಟದಲ್ಲಿ ಬಂತು. 'ಕಾಯುವವರಿಲ್ಲದ ಕಚೇರಿಗಳು' ಅಂತ ಸಂಪಾದಕರೇ ತಲೆಬರಹ ಕೊಟ್ಟರು. ರತ್ನಳ ಕೈ, ಯಜಮಾನರ ಮಾತು, ಮಂತ್ರಿಗಳ ಉತ್ತರ, ನಾಗೇಂದ್ರಪ್ಪನವರ ಹೆಸರು, ಎಲ್ಲ ಇತ್ತು. ಮೆಜೆಸ್ಟಿಕ್ಕಿನಲ್ಲಿ ಹುಡುಗರು ಅದನ್ನೇ ಕೂಗಿ ಮಾರಿದರು. ವಿಧಾನಸಭೆಯಲ್ಲಿ ಯಾರೋ ಪತ್ರಿಕೆ ಎತ್ತಿ ತೋರಿಸಿದರು. ಮೂಡಲಪಾಳ್ಯದಲ್ಲಿ ತಾಯಮ್ಮ ಓದಲು ಬಾರದಿದ್ದರೂ ಒಂದು ಪ್ರತಿ ತೆಗೆದುಕೊಂಡು ಬಂದವರಿಗೆಲ್ಲ ಕೊಟ್ಟು ಓದಿಸಿದಳು. ರತ್ನ ಮೊದಲ ಸಲ ಬ್ಯಾಂಡೇಜಿಲ್ಲದ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಅದರ ಮೇಲೆ ಪತ್ರಿಕೆಯನ್ನಿಟ್ಟುಕೊಂಡು ಓದಿದಳು. "ಇನ್ನು ನಾಗೇಂದ್ರಪ್ಪನೋರೇ ದೊಡ್ಡ ಸಾಹೇಬ್ರಾಗ್ತಾರೆ ಅಲ್ವಾಕ್ಕ?" ಅಂದಳು. ಹೌದು ಅಂದೆ. ನನಗೆ ಅನುಮಾನವೇ ಇರಲಿಲ್ಲ.

ಗಣೇಶನನ್ನು ನೀರಿಗೆ ಬಿಡುವ ಮುಂಚೆಯೇ ಸರ್ಕಾರ ಕುರ್ಚಿ ತುಂಬಿಸಿತು. ಬಂದವರು ನಾಗೇಂದ್ರಪ್ಪನವರಲ್ಲ. ಬೇರೆ ಇಲಾಖೆಯಿಂದ ಯಾರೋ ಬಂದರು. ಯಂತ್ರಗಳ ವಿಷಯ ಅವರಿಗೆ ಗೊತ್ತಿರಲಿಲ್ಲ, ಮಂತ್ರಿಗಳ ವಿಷಯ ಚೆನ್ನಾಗಿ ಗೊತ್ತಿತ್ತು. ನಮ್ಮ ಪತ್ರಿಕೆ ಚೌಕಟ್ಟು ಹಾಕಿ 'ನಮ್ಮ ವರದಿಯ ಫಲಶ್ರುತಿ' ಅಂತ ಪ್ರಕಟಿಸಿತು. ಸಂಪಾದಕರು ಎಲ್ಲರೆದುರು ನನಗೊಂದು ಪೆನ್ನು ಕೊಟ್ಟರು. ಚಪ್ಪಾಳೆ ತಟ್ಟಿದರು.

ಅದೇ ವಾರ ನಾಗೇಂದ್ರಪ್ಪನವರಿಗೆ ರಾಯಚೂರಿಗೆ ವರ್ಗವಾಯಿತು. ಪತ್ರಿಕೆಯವರ ಜೊತೆ ಮಾತಾಡಿದ್ದಕ್ಕೆ ವಿಚಾರಣೆಯೂ ಬೇರೆ. ನಾನು ಹೋದಾಗ ಲಾರಿಗೆ ಸಾಮಾನು ಏರಿಸುತ್ತಿದ್ದರು. ಮಗಳು ಶಾಲೆಯ ಚೀಲ ತಬ್ಬಿಕೊಂಡು ಕಾಂಪೌಂಡಿನ ಮೇಲೆ ಕೂತಿದ್ದಳು. ಅವರ ಹೆಂಡತಿ ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಗೇಂದ್ರಪ್ಪನವರು ಮಾತ್ರ ಹತ್ತಿರ ಬಂದು, "ಬೇಜಾರ್ ಮಾಡ್ಕೋಬ್ಯಾಡ. ನೀ ಬರೆದದ್ದು ಖರೇನೇ ಐತಿ" ಅಂದರು. ಲಾರಿ ಹೊರಟ ಮೇಲೆ ಆ ಹುಡುಗಿ ಹಿಂದೆ ತಿರುಗಿ ನೋಡುತ್ತಲೇ ಇದ್ದಳು, ನನ್ನನ್ನಲ್ಲ, ಮನೆಯನ್ನು.

ಹೊಸ ಸಾಹೇಬರು ಬಹಳ ಚುರುಕು. ಬಂದ ತಕ್ಷಣ ಹಳೆಯ ಕಾಗದ ಒಂದೂ ಉಳಿಯಬಾರದು ಅಂದರಂತೆ. ಬೀರುವಿನಲ್ಲಿದ್ದದ್ದೆಲ್ಲ ಮೇಜಿನ ಮೇಲೆ ಬಂತು, ಒಂದೊಂದಕ್ಕೂ ಸಹಿ ಬಿತ್ತು. ಅವರು ನಾಯಂಡಹಳ್ಳಿಯ ಶೆಡ್ಡಿಗೂ ಹೋಗಿ ಬಂದರು. ಅವತ್ತು ಎಲ್ಲ ಪ್ರೆಸ್ಸುಗಳಿಗೂ ಜಾಲರಿ ಇತ್ತು. ಅಪಘಾತಕ್ಕೆ ಕೆಲಸಗಾರ್ತಿಯ ಅಜಾಗರೂಕತೆ ಕಾರಣ, ಮಾಲೀಕರ ತಪ್ಪಿಲ್ಲ ಅಂತ ತೀರ್ಮಾನವಾಯಿತು. ಇಷ್ಟು ದಿನ ಸಹಿ ಇಲ್ಲದೆ ನಿಂತಿದ್ದ ರತ್ನಳ ಕೇಸು ಸಹಿಯಿಂದಲೇ ಮುಗಿಯಿತು. ಅವಳದೊಂದೇ ಅಲ್ಲ, ಬೀರುವಿನಲ್ಲಿ ಇದ್ದವರೆಲ್ಲರದೂ ಹಾಗೇ ಮುಗಿಯಿತು.

ನಾನು ಅದನ್ನೂ ಬರೆದುಕೊಟ್ಟೆ. ಸಂಪಾದಕರು ಓದಿ ಡ್ರಾಯರಿನಲ್ಲಿಟ್ಟರು. "ಕುರ್ಚಿ ತುಂಬಿಸಿ ಅಂದ್ವಿ, ತುಂಬಿಸಿದ್ರು. ಈಗ ತುಂಬಿಸಿದ್ದು ಸರಿ ಇಲ್ಲ ಅಂದ್ರೆ ಓದೋರು ನಗ್ತಾರೆ ಕಣ್ರೀ" ಅಂದರು. ಮಾಲೀಕರ ಸಂಘದ ದಸರಾ ಜಾಹೀರಾತು ಆ ವಾರವೇ ನಮ್ಮ ಪತ್ರಿಕೆಗೆ ಬಂದಿತ್ತು. ಅಚ್ಚಿನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಯುಧಪೂಜೆಯ ದಿನ ನಾಯಂಡಹಳ್ಳಿಯ ಆ ಶೆಡ್ಡಿನಲ್ಲೇ ಹೊಸ ಸಾಹೇಬರಿಗೆ ಸನ್ಮಾನ. ವರದಿಗೆ ನನ್ನನ್ನೇ ಕಳಿಸಿದರು, ಜೊತೆಗೆ ಫೋಟೋಗ್ರಾಫರ್ ಬಾಬು. ಬಾಗಿಲಿಗೆ ಬಾಳೆಕಂದು, ಪ್ರೆಸ್ಸುಗಳಿಗೆಲ್ಲ ಚೆಂಡು ಹೂವಿನ ಹಾರ. ರತ್ನ ಕೂತಿದ್ದ ಯಂತ್ರ ಯಾವುದು ಅಂತ ಅವತ್ತು ಹೇಳುವ ಹಾಗಿರಲಿಲ್ಲ, ಎಲ್ಲವಕ್ಕೂ ಒಂದೇ ಸಮ ಕುಂಕುಮ ಬಳಿದಿದ್ದರು. ಬಾಗಿಲಲ್ಲಿ ಬೂದುಗುಂಬಳ ಒಡೆದರು.

ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಯಜಮಾನರು ಮೈಕು ಹಿಡಿದರು. "ನಮ್ಮಲ್ಲಿ ದುಡೀತಿದ್ದ ಬಡ ಹೆಣ್ಣುಮಗಳೊಬ್ಬಳಿಗೆ ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ ಸಾಹೇಬರ ಅಮೃತಹಸ್ತದಿಂದ ಒಂದು ಸಣ್ಣ ಕಾಣಿಕೆ."

ಇಬ್ಬರು ಆಳುಗಳು ಹೊಸ ಹೊಲಿಗೆ ಯಂತ್ರವೊಂದನ್ನು ಎತ್ತಿಕೊಂಡು ಬಂದರು. ಅದಕ್ಕೂ ಹಾರ ಹಾಕಿದ್ದರು. ಹಿಂದೆ ರತ್ನ.

ಅವಳು ಬರುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಹಿಂದಿನ ದಿನ ಮೇಸ್ತ್ರಿ ಮನೆಗೆ ಬಂದು, ಹಬ್ಬಕ್ಕೆ ಏನೋ ಕೊಡ್ತಾರೆ ಬಾ ಅಂದಿದ್ದನಂತೆ. ಏನು ಅಂತ ಹೇಳಿರಲಿಲ್ಲ. ಅವಳು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. ಯಂತ್ರ ನೋಡಿದ ಕೂಡಲೇ ಅವಳು ನಿಂತುಬಿಟ್ಟಳು. ಯಾರೋ ಹಿಂದಿನಿಂದ ಮೆಲ್ಲನೆ ತಳ್ಳಿದರು. ಸಾಹೇಬರು ಯಂತ್ರದ ಒಂದು ಕಡೆ, ಯಜಮಾನರು ಇನ್ನೊಂದು ಕಡೆ, ನಡುವೆ ಅವಳು.

"ಇಲ್ಲಿ ನೋಡಮ್ಮ" ಅಂದ ಬಾಬು. "ಬಲಗೈ ಸ್ವಲ್ಪ ಸೆರಗೊಳಗೆ ಇಟ್ಕೊ."

ರತ್ನ ಕ್ಯಾಮೆರಾ ನೋಡಿದಳು. ಆಮೇಲೆ ಬಲಗೈಯನ್ನು ಸೆರಗಿನಿಂದ ಪೂರ್ತಿ ಹೊರಗೆ ತೆಗೆದು, ಹೂವಿನ ಹಾರ ಸರಿಸಿ, ಯಂತ್ರದ ಕಪ್ಪು ಮೈ ಮೇಲೆ ಊರಿದಳು. ಹೆಬ್ಬೆರಳು ಮತ್ತು ಹೊಲಿಗೆ ಬಿದ್ದ ಬೋಳು ಅಂಗೈ. ಫ್ಲಾಶ್ ಹೊಡೆಯಿತು.

ಯಜಮಾನರು ನಗುತ್ತಲೇ ಅವಳ ಮುಂಗೈ ಹಿಡಿದು ಕೆಳಗಿಳಿಸಿದರು. "ಇನ್ನೊಂದು ತೆಗೀಪ್ಪ, ಇದ್ರಲ್ಲಿ ಸಾಹೇಬ್ರು ಕಣ್ಣು ಮುಚ್ಚಿದ್ರು." ಬಾಬು ಇನ್ನೊಂದು ತೆಗೆದ.

ಯಂತ್ರವನ್ನು ಟೆಂಪೋದಲ್ಲಿ ಕಳಿಸಿದರು. ನಾನು, ರತ್ನ ಇಬ್ಬರೂ ಮೂಡಲಪಾಳ್ಯದವರೆಗೆ ನಡೆದೆವು. ಮಳೆ ನಿಂತು ರಾಗಿ ಹೊಲಗಳಲ್ಲಿ ತೆನೆ ಬಲಿಯುತ್ತಿತ್ತು. ನಾನು ಏನೇನೋ ಹೇಳಿದೆ. ಮೇಲಿನ ಕೋರ್ಟಿದೆ, ವಕೀಲರನ್ನು ನೋಡೋಣ, ಬಿಡುವುದು ಬೇಡ ಅಂದೆ. ಅವಳು ಕೇಳುತ್ತಾ ಬಂದಳು. ಊರಿನ ಬಾವಿ ಹತ್ತಿರ ನಿಂತು, ಹೂವನ್ನು ತಲೆಯಿಂದ ಎಡಗೈಯಲ್ಲಿ ಎಳೆದು ತೆಗೆದಳು.

"ಅಕ್ಕ, ಸಾಹೇಬ್ರು ಇಲ್ದಿದ್ದಾಗ್ಲೇ ಚೆನ್ನಾಗಿತ್ತು" ಅಂದಳು. "ನಾಳೆ ಬರ್ತಾರೆ ಅಂತ ಅಂದ್ಕೊಂಡಾದ್ರೂ ಮಲಗ್ತಿದ್ವಿ."

ಆಫೀಸಿಗೆ ಹೋಗಿ ಮೊದಲ ಫೋಟೋ ಹಾಕಿ ಅಂತ ಜಗಳವಾಡಿದೆ. ಅಡಿಬರಹವನ್ನು ನಾನೇ ಬರೆದೆ: ಪ್ರೆಸ್ಸಿನಲ್ಲಿ ಬಲಗೈ ಬೆರಳುಗಳನ್ನು ಕಳೆದುಕೊಂಡ ರತ್ನಳಿಗೆ ಹೊಲಿಗೆ ಯಂತ್ರ. ಸಂಪಾದಕರು ಕೆಂಪು ಶಾಯಿಯಲ್ಲಿ ಮೊದಲ ಭಾಗ ಹೊಡೆದುಹಾಕಿ, ಹೆಸರಿನ ಜಾಗದಲ್ಲಿ 'ಬಡ ಮಹಿಳೆ' ಅಂತ ತಿದ್ದಿದರು. ದಸರಾ ರಜೆ ಕಳೆದು ಬಂದ ಸಂಚಿಕೆಯಲ್ಲಿ ಸಾಹೇಬರು ನಗುತ್ತಿದ್ದರು, ಯಜಮಾನರು ನಗುತ್ತಿದ್ದರು, ರತ್ನ ನೆಲ ನೋಡುತ್ತಿದ್ದಳು. ಅದು ಎರಡನೇ ಫೋಟೋ.